ಮೂರು ಸಲ ಮುಂದೆ ಹೋದ ಹುಡುಗಿ

ಉಜ್ಜೀವನ ಕೂಟಗಳಿಗೆ ಹೋದವರಿಗೆ ಇದು ಗೊತ್ತೇ ಇದೆ. ಪ್ರಸಂಗ ಮುಗಿಯುತ್ತಿದ್ದಂತೆ ಮೆಲ್ಲನೆ ಹಾಡು ಶುರುವಾಗುತ್ತದೆ. ಯೇಸುವನ್ನು ಸ್ವೀಕರಿಸುವವರು ಎದ್ದು ಮುಂದೆ ಬನ್ನಿ ಎಂದು ಬೋಧಕರು ಕರೆಯುತ್ತಾರೆ. ಇದಕ್ಕೇ ಆಲ್ಟರ್ ಕಾಲ್ ಅನ್ನುವುದು. ನಾನು ಬೆಳೆದ ಸಭೆಯಲ್ಲಿ ಇದು ಇರಲಿಲ್ಲ. ಮಗುವಿದ್ದಾಗ ದೀಕ್ಷಾಸ್ನಾನ, ದೊಡ್ಡವರಾದ ಮೇಲೆ ಅಯ್ಯನವರ ಹತ್ತಿರ ಪಾಠ, ಆಮೇಲೆ ದೃಢೀಕರಣ. ಪಾಠ ಒಪ್ಪಿಸದೆ ಅಯ್ಯನವರು ಬಿಡುತ್ತಿರಲಿಲ್ಲ, ಅದು ಬೇರೆ ಮಾತು!

ಹೀಗೆ ಕರೆಯುವುದು ಬೈಬಲಿನ ಕಾಲದಿಂದ ಬಂದ ಪದ್ಧತಿ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅಮೆರಿಕದ ಮೆಥಡಿಸ್ಟರ ಬಯಲು ಕೂಟಗಳಲ್ಲಿ ಇದ್ದ ರೂಢಿಯನ್ನು ಹೆಸರಾಗಿಸಿದವರು ವಕೀಲಿ ಕಲಿತು ಬೋಧಕರಾದ ಚಾರ್ಲ್ಸ್ ಫಿನ್ನಿ. 1830-31ರಲ್ಲಿ ರಾಚೆಸ್ಟರ್ ಊರಿನ ಕೂಟಗಳಲ್ಲಿ ಪಾಪದ ಚಿಂತೆ ಹತ್ತಿದವರನ್ನು ಅವರು ಮುಂದಿನ ಬೆಂಚಿಗೆ ಕರೆದರು. 1843ರಲ್ಲಿ ಜಾನ್ ನೆವಿನ್ ಆ ಬೆಂಚಿನ ವಿರುದ್ಧವೇ ಪುಸ್ತಕ ಬರೆದರು. ಬೆಂಚು ಬೇಡ, ಧರ್ಮಪಾಠ ಬೇಕು ಎಂಬುದು ಅವರ ವಾದ. ಫಿನ್ನಿಯ ಕಡೆಗೂ ನ್ಯಾಯವಿದೆ. ಅಪೊಸ್ತಲರ ಕಾಲದಲ್ಲಿ ದೀಕ್ಷಾಸ್ನಾನ ಮಾಡಿದ ಕೆಲಸವನ್ನೇ ಈ ಬೆಂಚು ಮಾಡುತ್ತದೆ ಎಂದರು ಅವರು. ಮನಸ್ಸಿನೊಳಗೇ ಇಟ್ಟುಕೊಂಡ ನಿರ್ಧಾರ ಬೆಳಗಾಗುವುದರೊಳಗೆ ಆರಿಹೋಗುವುದು ನಮಗೆಲ್ಲ ಗೊತ್ತಿಲ್ಲವೇ?

ಆದರೆ ನಮ್ಮ ಸಭೆಯವಳೇ ಆದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಸೋಮವಾರ ಕೇಳಿದಳು: "ಮಾಷ್ಟ್ರೇ, ನಾನು ಕನ್ವೆನ್ಶನ್ನಿನಲ್ಲಿ ಮೂರು ಸಲ ಮುಂದೆ ಹೋಗಿದ್ದೇನೆ. ಮೊದಲಿನ ಎರಡು ಸಲದ್ದು ಲೆಕ್ಕಕ್ಕಿಲ್ಲವಾ?" ಗೆಳತಿಯರೆಲ್ಲ ಎದ್ದಾಗ ತಾನೊಬ್ಬಳೇ ಕೂತರೆ ಜನ ಏನೆನ್ನುತ್ತಾರೋ ಎಂಬ ಭಯವಂತೆ. ರಾತ್ರಿ ನಿದ್ದೆಯೂ ಬರುವುದಿಲ್ಲವಂತೆ. "ಅರ್ಥವಾದವರು ಕೈ ಎತ್ತಿ" ಎಂದರೆ ಇಡೀ ತರಗತಿ ಕೈ ಎತ್ತುವುದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಪಾಪ, ಅವಳೂ ಹಾಗೆಯೇ ಎದ್ದಿದ್ದಳು. ದೇವರ ಹತ್ತಿರ ಹಾಜರಿ ಪುಸ್ತಕ ಇಲ್ಲ ಮಗಾ, ಅಮ್ಮನ ಜೊತೆ ಹೋಗಿ ಅಯ್ಯನವರನ್ನು ಕಂಡು ನಿಧಾನವಾಗಿ ಮಾತಾಡು ಎಂದೆ. ಹೋಗಿ ಬಂದಳು. ಈಗ ಸ್ವಲ್ಪ ನಗುತ್ತಾಳೆ.

ಬಿಲ್ಲಿ ಗ್ರಹಾಂ ಕೂಟಗಳಲ್ಲಿ ಮುಂದೆ ಬಂದವರ ಜೊತೆ ಮಾತಾಡಲು ತರಬೇತಿ ಪಡೆದ ಸಲಹೆಗಾರರು ಇರುತ್ತಿದ್ದರು. ಅವರ ಹೆಸರುಗಳನ್ನು ಊರಿನ ಸಭೆಗಳಿಗೆ ಕಳುಹಿಸುತ್ತಿದ್ದರು. ಲಂಡನ್ನಿನಲ್ಲಿ ಸ್ಪರ್ಜನ್ ಅಂತೂ, ತಿಳಿಯಬೇಕೆಂದು ಬಂದವರನ್ನು ಬೇರೆ ಸಮಯದಲ್ಲಿ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತಾಡುತ್ತಿದ್ದರು. ಈ ವರ್ಷದ ಕನ್ವೆನ್ಶನ್ ಕಮಿಟಿಯವರ ಹತ್ತಿರ ನಾನು ಎರಡೇ ಮಾತು ಕೇಳಿದ್ದೇನೆ: ಯಾರೂ ಎದ್ದು ಬರಲಿಲ್ಲವೆಂದು ಹಾಡನ್ನು ಎಳೆಯಬೇಡಿ, ಮಕ್ಕಳು ಎದ್ದು ಬಂದರೆ ಅವರ ಜೊತೆ ಕೂತು ಮಾತಾಡಲು ಒಬ್ಬ ಹಿರಿಯರನ್ನು ಇರಿಸಿ. ನೋಡೋಣ ಎಂದಿದ್ದಾರೆ.