ತಿದ್ದಬಾರದ ಪತ್ರ

ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಬಹುದು ಎಂದು ಅನುಮತಿ ಕೊಡುವ ಪತ್ರವೊಂದಿದೆ. ಆದರೆ ತನ್ನನ್ನು ಯಾರೂ ತಿದ್ದಕೂಡದು ಎಂದು ಅದು ಆರಂಭದಲ್ಲೇ ಹೇಳಿಬಿಡುತ್ತದೆ. ಅದುವೇ ಜಿಪಿಎಲ್ ಪರವಾನಗಿ. ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ರೂಪಿಸಿದ ಈ ಪತ್ರದ 1991ರ ಎರಡನೇ ಆವೃತ್ತಿಯಡಿಯಲ್ಲೇ ಲಿನಕ್ಸ್ ಕರ್ನೆಲ್ ಇಂದಿಗೂ ಹಂಚಿಕೆಯಾಗುತ್ತಿದೆ.

ನಮ್ಮ ಮೊಹಲ್ಲಾದ ಯುವಕನೊಬ್ಬ ಝಕಾತ್ ಲೆಕ್ಕ ಹಾಕುವ ಪುಟ್ಟ ತಂತ್ರಾಂಶ ಬರೆದಿದ್ದಾನೆ. ಅದನ್ನು ಜಿಪಿಎಲ್ ಅಡಿಯಲ್ಲಿ ಹಂಚುವಾಸೆ. "ಪರವಾನಗಿಯ ಕೊನೆಗೆ, ಇದನ್ನು ಯಾರೂ ಮಾರಬಾರದು ಎಂದೊಂದು ಸಾಲು ಸೇರಿಸಲೇ ಸರ್?" ಎಂದು ಕೇಳಿದ. ಉದ್ದೇಶ ಒಳ್ಳೆಯದೇ. ಆದರೂ ಬೇಡವೆಂದೆ.

ಕಾರಣ ಸರಳ. ತಂತ್ರಾಂಶ ಅವನದು, ಪರವಾನಗಿಯ ಪಠ್ಯ ಅವನದಲ್ಲ. ಅದರ ಹಕ್ಕುಸ್ವಾಮ್ಯ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನದು. ಅಷ್ಟುದ್ದದ ಪತ್ರವನ್ನು ಪೂರ್ತಿ ಓದುವವರು ಕಡಿಮೆ. ಹೆಸರು ನೋಡಿ ನಂಬುತ್ತಾರೆ. ಅದೇ ಹೆಸರಿನಡಿ ಬೇರೆ ಶರತ್ತು ಅಡಗಿದ್ದರೆ ಆ ನಂಬಿಕೆಗೆ ದ್ರೋಹವಾಗುತ್ತದೆ. ಮಾರುವುದನ್ನು ಜಿಪಿಎಲ್ ತಡೆಯುವುದಿಲ್ಲ. ಕೊಂಡವನಿಗೂ ಮೂಲ ಸಂಕೇತ ಮತ್ತು ಅದೇ ಹಕ್ಕುಗಳು ಸಿಗಬೇಕು ಎನ್ನುತ್ತದೆ, ಅಷ್ಟೇ. 2007ರ ಮೂರನೇ ಆವೃತ್ತಿಯಂತೂ, ಇಂಥ ಹೆಚ್ಚುವರಿ ನಿರ್ಬಂಧವನ್ನು ಯಾರಾದರೂ ಸೇರಿಸಿದರೆ ಪಡೆದವನು ಅದನ್ನು ತೆಗೆದುಹಾಕಬಹುದು ಎಂದೇ ಹೇಳುತ್ತದೆ.

ವಕ್ಫ್ ವ್ಯವಸ್ಥೆ ಬಲ್ಲವರಿಗೆ ಇದು ಹೊಸ ಮಾತಲ್ಲ. ವಕ್ಫ್ ಬಿಟ್ಟವನ ಶರತ್ತಿಗೆ ಶರೀಅತ್ತಿನ ವಚನದಷ್ಟೇ ತೂಕವಿದೆ ಎಂಬ ಸೂತ್ರ ಫಿಕ್ಹ್‌ನಲ್ಲಿದೆ. ಬಾವಿಯ ನೀರನ್ನು ಎಲ್ಲರೂ ಸೇದಬಹುದು; ಬಾವಿಯನ್ನು ಬಿಟ್ಟುಕೊಟ್ಟ ಪತ್ರವನ್ನು ಮುತವಲ್ಲಿ ತನ್ನಿಷ್ಟದಂತೆ ತಿದ್ದುವಂತಿಲ್ಲ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಜಿಪಿಎಲ್‌ನ ಶರತ್ತುಗಳನ್ನು ಬಳಸಿ ಹೊಸ ಪರವಾನಗಿ ಬರೆಯಲು ಫೌಂಡೇಶನ್ ಅವಕಾಶ ಕೊಟ್ಟಿದೆ. ಆದರೆ ಹೆಸರು ಬೇರೆ ಇಡಬೇಕು, ಪ್ರಸ್ತಾವನೆಯನ್ನು ಕೈಬಿಡಬೇಕು. ಹೀಗೆ ಹುಟ್ಟಿದ ಪರವಾನಗಿ ಜಿಪಿಎಲ್‌ಗೆ ಹೊಂದದಿದ್ದರೆ, ಜಿಪಿಎಲ್ ಅಡಿಯಲ್ಲಿರುವ ಇತರರ ಸಂಕೇತವನ್ನು ಅದರೊಡನೆ ಬೆರೆಸಿ ಹಂಚುವಂತಿಲ್ಲ. ಒಂದು ಸಾಲಿನ ಆಸೆಗೆ ಅದು ದುಬಾರಿ ಬೆಲೆ.

ನಮ್ಮಿಂದ ಆಗಬೇಕಾದ ಕೆಲಸ ಬೇರೆಯೇ ಇದೆ. ಇಂಗ್ಲಿಷ್ ಮೂಲವೇ ಕಾನೂನಿಗೆ ಪ್ರಮಾಣ, ಇದು ಅನಧಿಕೃತ ಎಂದು ಸ್ಪಷ್ಟವಾಗಿ ನಮೂದಿಸಿದರೆ ಈ ಪತ್ರವನ್ನು ಅನುವಾದಿಸಲು ಫೌಂಡೇಶನ್ನಿನ ಅನುಮತಿಯಿದೆ. ತನಗೆ ಸಿಕ್ಕಿರುವ ಹಕ್ಕು ಏನೆಂದು ಕನ್ನಡದ ಹುಡುಗ ಹುಡುಗಿಯರು ಕನ್ನಡದಲ್ಲೇ ಓದುವಂತಾಗಬೇಕು. ಪತ್ರವನ್ನು ತಿದ್ದುವುದಕ್ಕಿಂತ ಅದನ್ನು ಅರ್ಥ ಮಾಡಿಸುವುದೇ ದೊಡ್ಡ ಸೇವೆ.