ಯಾರ ಗಡಿಯಾರ ಲೆಕ್ಕಕ್ಕೆ?

ಮದುವೆ ಮನೆಯಲ್ಲಿ ಹತ್ತು ಜನರ ಕೈಗಡಿಯಾರ ನೋಡಿದರೆ ಹತ್ತು ಸಮಯ. ಮುಹೂರ್ತಕ್ಕೆ ಮಾತ್ರ ಪುರೋಹಿತರ ಗಡಿಯಾರವೇ ಲೆಕ್ಕ. ಕಂಪ್ಯೂಟರುಗಳ ನಡುವೆಯೂ ಇಂಥದೊಂದು ಏರ್ಪಾಡು ಬೇಕೆಂಬುದು ನನಗೆ ಚೆನ್ನಾಗಿ ಅರ್ಥವಾದದ್ದು 2003ರಲ್ಲಿ, ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ. ಅಲ್ಲಿನ ಕಂಪ್ಯೂಟರುಗಳ ರಿಪೇರಿಗೆ ನಾನು ಆಗಾಗ ಹೋಗುತ್ತಿದ್ದೆ.

ಅಲ್ಲಿ ಮೂವತ್ತು ಕಂಪ್ಯೂಟರುಗಳಿದ್ದವು. ಆದರೆ ವಿದ್ಯಾರ್ಥಿಗಳ ಫೈಲುಗಳೆಲ್ಲ ಇರುತ್ತಿದ್ದುದು ಸರ್ವರ್ ಎಂಬ ಒಂದೇ ಯಂತ್ರದಲ್ಲಿ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ರೂಪಿಸಿದ ನೆಟ್‌ವರ್ಕ್ ಫೈಲ್ ಸಿಸ್ಟಮ್, ಅಂದರೆ ಎನ್‌ಎಫ್‌ಎಸ್, ಇದನ್ನು ಸಾಧ್ಯವಾಗಿಸುತ್ತದೆ. ಫೈಲು ಉಗ್ರಾಣದಲ್ಲಿರುತ್ತದೆ, ನಮ್ಮ ಮೇಜಿಗೂ ಉಗ್ರಾಣಕ್ಕೂ ಓಡಾಡುವ ಆಳು ‘ಕ್ಲೈಂಟ್’ ಎಂಬ ತಂತ್ರಾಂಶ. ಪ್ರತಿ ಫೈಲಿನ ಮೇಲೂ ಅದು ಕೊನೆಗೆ ಬದಲಾದ ಸಮಯದ ಮುದ್ರೆ ಇರುತ್ತದೆ.

ಒಂದು ದಿನ ಸಂಜೆ ಐದರೊಳಗೆ ಪ್ರಾಜೆಕ್ಟ್ ಒಪ್ಪಿಸಬೇಕಿತ್ತು. ಒಬ್ಬ ಹುಡುಗಿ ಹತ್ತು ನಿಮಿಷ ಮೊದಲೇ ಒಪ್ಪಿಸಿದ್ದೆ ಎಂದಳು. ಫೈಲಿನ ಮೇಲಿದ್ದ ಸಮಯ 5.08. ಅಂಕ ಕಡಿತವಾಯಿತು. ಮರುದಿನ ಅವಳ ತಂದೆ ಬಂದು, “ನನ್ನ ಮಗಳು ಸುಳ್ಳು ಹೇಳೋಳಲ್ಲ ಸಾರ್, ಒಂದ್ಸಲ ನೋಡ್ತೀರಾ?” ಎಂದು ಮೆಲುದನಿಯಲ್ಲಿ ಕೇಳಿದರು.

ಅವಳು ಕುಳಿತಿದ್ದ ಕಂಪ್ಯೂಟರಿನ ಗಡಿಯಾರ ಹದಿನೆಂಟು ನಿಮಿಷ ಮುಂದಿತ್ತು. ಸರ್ವರಿನದು ಸರಿಯಾಗಿತ್ತು. ಹಾಗಾದರೆ ಸರ್ವರಿನಲ್ಲಿದ್ದ ಫೈಲಿಗೆ ತಪ್ಪು ಸಮಯ ಬಂದದ್ದು ಹೇಗೆ?

ತಂತಿಯ ಮೇಲೆ ಹೋಗುವ ಸಂದೇಶಗಳನ್ನು ಹಿಡಿದು ನೋಡಿದಾಗ ಗುಟ್ಟು ಬಯಲಾಯಿತು. 1995ರಲ್ಲಿ ಪ್ರಕಟವಾದ ಎನ್‌ಎಫ್‌ಎಸ್ ಮೂರನೇ ಆವೃತ್ತಿಯ ನಿಯಮದಂತೆ, ಕ್ಲೈಂಟು ಸಮಯ ಹಾಕಿಸುವಾಗ ಎರಡು ರೀತಿಯಲ್ಲಿ ಕೇಳಬಹುದು. ಒಂದು, ‘ನಿನ್ನ ಗಡಿಯಾರದ ಸಮಯ ಹಾಕಿಕೋ’. ಇನ್ನೊಂದು, ‘ನಾನು ಹೇಳಿದ ಸಮಯ ಹಾಕು’. ಹಳೆಯ ಫೈಲಿನ ಪ್ರತಿಗೆ ಅದರ ಹಳೆಯ ತಾರೀಖನ್ನೇ ಉಳಿಸಲು ಎರಡನೆಯದು ಬೇಕು. ‘ಈಗ’ ಎಂದಾಗ ಮೊದಲನೆಯದೇ ಸರಿ. ಪ್ರಾಜೆಕ್ಟ್ ಒಪ್ಪಿಸುವ ತಂತ್ರಾಂಶ ಕೊನೆಯಲ್ಲಿ ‘ಈಗಿನ ಸಮಯ ಹಾಕು’ ಎನ್ನುತ್ತಿತ್ತು. ಅಲ್ಲಿದ್ದ ಕ್ಲೈಂಟು ಆಗಲೂ ತನ್ನದೇ ಗಡಿಯಾರ ನೋಡಿ ಸಮಯ ಕಳಿಸುತ್ತಿತ್ತು.

ಅದರ ಮೂಲ ಪ್ರೋಗ್ರಾಂ ನಮ್ಮ ಕೈಯಲ್ಲಿತ್ತು. ‘ಈಗ’ ಎಂದು ಕೇಳಿದರೆ ಸರ್ವರಿನ ಸಮಯ, ನಿರ್ದಿಷ್ಟ ತಾರೀಖು ಕೊಟ್ಟರೆ ಆ ತಾರೀಖು ಎಂದು ಬೇರ್ಪಡಿಸಲು ಕೆಲವೇ ಸಾಲು ಸಾಕಾದವು. ಬೇಕೆಂದೇ ಆ ಕಂಪ್ಯೂಟರಿನ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಪರೀಕ್ಷಿಸಿದೆ. ಫೈಲಿನ ಮೇಲೆ ಸರ್ವರಿನ ಸಮಯವೇ ಬಿತ್ತು. ಮೂವತ್ತೂ ಗಡಿಯಾರಗಳನ್ನು ಸರ್ವರಿನ ಗಡಿಯಾರಕ್ಕೆ ಹೊಂದಿಸಿದ್ದೂ ಆಯಿತು. ಆದರೆ ಗಡಿಯಾರ ಮತ್ತೆ ಜಾರಬಹುದು. ಅದಕ್ಕೇ ಕ್ಲೈಂಟನ್ನು ಸರಿಪಡಿಸುವುದು ಅಗತ್ಯವಾಗಿತ್ತು.

ಉಪನ್ಯಾಸಕರು ದೊಡ್ಡ ಮನಸ್ಸಿನವರು. ಅವಳ ಅಂಕ ಮರಳಿಸಿದ್ದಲ್ಲದೆ, ಅದೇ ಕಂಪ್ಯೂಟರಿನಿಂದ ಒಪ್ಪಿಸಿದ್ದ ಇನ್ನಿಬ್ಬರದನ್ನೂ ತಾವಾಗಿ ಮರುಪರಿಶೀಲಿಸಿದರು.

ಯಂತ್ರ ಮುದ್ರಿಸಿದ ಅಂಕಿಗೆ ನಾವು ಬೇಗ ತಲೆಬಾಗುತ್ತೇವೆ. ಮಕ್ಕಳ ಮಾತು ಅದಕ್ಕೆ ವಿರುದ್ಧವಾಗಿ ನಿಂತಾಗ, ಹೆತ್ತವರು ಆ ತಂದೆಯಂತೆ ‘ಒಂದ್ಸಲ ನೋಡ್ತೀರಾ?’ ಎಂದು ಕೇಳಲಿ. ವಿದ್ಯಾರ್ಥಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಅಂಕಿ ಯಾವ ಗಡಿಯಾರದಿಂದ ಬಂತೆಂದು ಹುಡುಕಲಿ.