ಎಷ್ಟು ಪಟ್ಟು?

ಭಾಲ್ಕಿಯಲ್ಲಿ ಅಣ್ಣನ ಮನೆ. ನಾನು ಹೋಗಿ ಕೈಕಾಲು ತೊಳೆದು ಕೂತೆನೆಂದರೆ ಅವನ ಮಗಳು ಗಣಿತದ ನೋಟ್‌ಬುಕ್ ಹಿಡಿದು ಬಂದೇಬಿಡುತ್ತಾಳೆ. ಮೊನ್ನೆ 3, 4, 5 ಸೆಂಟಿಮೀಟರ್ ಬಾಹುಗಳ ತ್ರಿಭುಜವನ್ನು ದೊಡ್ಡದು ಮಾಡುವ ಲೆಕ್ಕ. ಆಕೆ 5, 6, 7 ಎಂದು ಬರೆದು, ಅಳತೆಪಟ್ಟಿ ಇಟ್ಟು ನೀಟಾಗಿ ಚಿತ್ರವನ್ನೂ ತೆಗೆದಿದ್ದಳು.

“ಕಾಕಾ, ಎಲ್ಲಾ ಗೆರಿಗೂ ಎರಡೆರಡು ಕೂಡಿಸೀನಿ. ಯಾವುದಕ್ಕೂ ಹೆಚ್ಚುಕಮ್ಮಿ ಮಾಡಿಲ್ಲ. ಆದ್ರ ಮೂಲಿ ಯಾಕ ಕೆಟ್ಟದ?”

ಮೂಲೆ ಕೆಟ್ಟದ್ದು ನಿಜ. ಮೊದಲು 90 ಡಿಗ್ರಿ ಇದ್ದ ಕೋನ 78ರ ಹತ್ತಿರಕ್ಕೆ ಇಳಿದಿತ್ತು. ಎಲ್ಲರಿಗೂ ಸಮನಾಗಿ ಹಂಚಬೇಕೆಂಬ ಹುಡುಗಿಯ ನ್ಯಾಯಬುದ್ಧಿ ನನಗೆ ಬಹಳ ಹಿಡಿಸಿತು. ಆದರೆ 3ಕ್ಕೆ 2 ಸೇರಿದರೆ ಅದರ ಮೂರನೇ ಎರಡು ಭಾಗದಷ್ಟು ಬೆಳವಣಿಗೆ. 5ಕ್ಕೆ ಸೇರಿದರೆ ಐದನೇ ಎರಡು ಭಾಗ ಮಾತ್ರ. ಚಿಕ್ಕ ಬಾಹು ಗಡಗಡನೆ ಬೆಳೆದು, ದೊಡ್ಡದು ಹಿಂದೆ ಬಿತ್ತು. 6, 8, 10 ಎಂದು ಬರೆಸಿ ನೋಡಿದೆವು. ಮೂಲೆ ಮತ್ತೆ ನೆಟ್ಟಗೆ 90.

ನಮ್ಮ ಮಾತಿನಲ್ಲಿ ಇದಕ್ಕೊಂದು ಚೆಂದದ ಶಬ್ದವಿದೆ: ಪಟ್ಟು. ಎರಡು ಪಟ್ಟು, ಮೂರು ಪಟ್ಟು. ಗರಡಿಯ ಪೈಲ್ವಾನ ಹಾಕುವುದೂ ಪಟ್ಟು, ಹಟಮಾರಿ ಹಿಡಿಯುವುದೂ ಪಟ್ಟು. ರೇಖಾಗಣಿತಕ್ಕೆ ಈ ಹಟವೂ ಬೇಕು. ಒಂದು ಬಾಹುವಿಗೆ ಎರಡು ಪಟ್ಟು ಎಂದಮೇಲೆ ಉಳಿದ ಎರಡಕ್ಕೂ ಎರಡೇ ಪಟ್ಟು. ಆ ಹಿಡಿತ ಸಡಿಲಿತೋ, ಆಕಾರ ಕೈತಪ್ಪಿತು.

ಅಷ್ಟರಲ್ಲಿ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು. ಇಬ್ಬರೂ ಎದ್ದು ಹೋಗಿ ವೈನಿಯ ಪಕ್ಕ ಕೂತೆವು. ಜೋಳದ ಹಿಟ್ಟಿನ ಉಂಡೆ ಅಂಗೈಯಡಿ ಚಪ್ಪಟೆಯಾಗಿ, ಸುತ್ತುತ್ತ ಸುತ್ತುತ್ತ ಹಿಗ್ಗುತ್ತದೆ. ಚಿಕ್ಕ ದುಂಡು ದೊಡ್ಡ ದುಂಡಾಗುತ್ತದೆ. ನಡುವಿನ ಹಿಟ್ಟು ಇದ್ದಲ್ಲೇ ಇರುತ್ತದೆ, ಅಂಚಿನದು ಬಹುದೂರ ಸರಿಯುತ್ತದೆ. ಪಾಠದಲ್ಲಿ ಬರುವ ಕೇಂದ್ರ ಎಂದರೆ ಇದೇ. ಒಂದು ಚುಕ್ಕೆ ಇಟ್ಟು, ಅಲ್ಲಿಂದ ಪ್ರತಿ ಮೂಲೆಯ ಮೇಲೆ ಹಾದುಹೋಗುವಂತೆ ಗೆರೆ ಎಳೆದು, ಮೂಲೆ ಇರುವ ದೂರದ ಎರಡರಷ್ಟಕ್ಕೆ ಹೊಸ ಮೂಲೆ ಗುರುತಿಸಿದರೆ ಆಕಾರ ತಾನಾಗಿ ಎರಡು ಪಟ್ಟಾಗುತ್ತದೆ. ಹತ್ತು ಸೆಂಟಿಮೀಟರ್ ಅಗಲದ ರೊಟ್ಟಿ ಇಪ್ಪತ್ತಾದಾಗ ಅದರ ಹರವು ನಾಲ್ಕು ಪಟ್ಟು. ಹಿಟ್ಟು ಮಾತ್ರ ಅಷ್ಟೇ. ಆದ್ದರಿಂದ ದಪ್ಪ ಕಾಲುಭಾಗಕ್ಕೆ ಇಳಿಯುತ್ತದೆ.

ಬೀದರದ ಬಿದರಿ ಕುಸುರಿಯವರಿಗೂ ಈ ಲೆಕ್ಕ ತಪ್ಪಿದ್ದಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಲುತುತ್ತದಿಂದ ಮೈ ಕಪ್ಪಾಗಿಸಿ, ಉಳಿಯಿಂದ ಬಳ್ಳಿ ಕೆತ್ತಿ, ಆ ಗೀರಿನಲ್ಲಿ ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಉಜ್ಜಿದರೆ ಸತು ಕಪ್ಪಾಗಿ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಒಂದು ಹೂದಾನಿಯನ್ನು ಎಲ್ಲ ಅಳತೆಯಲ್ಲೂ ಎರಡು ಪಟ್ಟು ಮಾಡಿದರೆ ಕುಸುರಿ ತುಂಬಬೇಕಾದ ಮೈ ನಾಲ್ಕು ಪಟ್ಟು, ಎರಕದ ಲೋಹ ಎಂಟು ಪಟ್ಟು. ಎತ್ತರ ಎರಡೇ ಪಟ್ಟಾಗಿದೆಯಲ್ಲ ಎಂದು ಎರಡರಷ್ಟೇ ಬೆಲೆ ಕೇಳುವವರು ಇದನ್ನು ನೆನೆಯಬೇಕು.

ರೊಟ್ಟಿ ಉಂಡು ಮತ್ತೆ ನೋಟ್‌ಬುಕ್ಕಿಗೆ ಬಂದೆವು. ಕೋನ ಕೆಡದಿದ್ದರೆ ಆಕಾರ ಉಳಿಯುತ್ತದೆ, ಸರಿ. ಆದರೆ ಕೋನಗಳನ್ನಷ್ಟೇ ಹೇಳಿದರೆ ತ್ರಿಭುಜ ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ. ಅಂಗೈಯಷ್ಟೂ ಇರಬಹುದು, ತಾಲ್ಲೂಕಿನಷ್ಟೂ ಇರಬಹುದು. ಒಂದು ಬಾಹುವನ್ನಾದರೂ ಯಾರಾದರೂ ನೆಲದ ಮೇಲೆ ಅಳೆಯಲೇಬೇಕು. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಆ ಒಂದು ಗೆರೆಗಾಗಿ ಆರಿಸಿಕೊಂಡ ಜಾಗಗಳಲ್ಲಿ ನಮ್ಮ ಬೀದರ ಸೀಮೆಯೂ ಒಂದು. 1815ರಲ್ಲಿ ವಿಲಿಯಂ ಲ್ಯಾಂಬ್ಟನ್ ಈ ಭಾಗದಲ್ಲಿ ಆಧಾರರೇಖೆ ಅಳೆದ. 1841ರಲ್ಲಿ ಆಂಡ್ರ್ಯೂ ವಾ ಮತ್ತೆ ಬಂದ. ಹಿಮಾಲಯದ ಶಿಖರಕ್ಕೆ ಎವರೆಸ್ಟ್ ಎಂಬ ಹೆಸರು ಸೂಚಿಸಿದವನು ಇವನೇ. ಬಿಸಿಲಿಗೆ ಹಿಗ್ಗಿದರೂ ಅಳತೆ ಕೆಡದಂತೆ ಕಬ್ಬಿಣ, ಹಿತ್ತಾಳೆ ಜೋಡಿಸಿ ಮಾಡಿದ ಹತ್ತಡಿಯ ಸಲಾಕೆಗಳನ್ನು ಒಂದರ ಮುಂದೊಂದು ಇಡುತ್ತ, ಸುಮಾರು 8 ಮೈಲಿಯ ಗೆರೆಯನ್ನು ಅಳೆದರು. ಮಧ್ಯಭಾರತದ ಸಿರೋಂಜಿನ ಆಧಾರರೇಖೆಯಿಂದ ತ್ರಿಭುಜಕ್ಕೆ ತ್ರಿಭುಜ ಹೆಣೆಯುತ್ತ 400ಕ್ಕೂ ಹೆಚ್ಚು ಮೈಲಿ ಬಂದು, ಬೀದರದ ಗೆರೆ ಇಷ್ಟಿರಬೇಕೆಂದು ಲೆಕ್ಕ ಹೇಳಿತು. ನೆಲದ ಅಳತೆಗೂ ಆ ಲೆಕ್ಕಕ್ಕೂ ಬಂದ ವ್ಯತ್ಯಾಸ ಸುಮಾರು ನಾಲ್ಕು ಇಂಚು! ಪಟ್ಟಿನ ನಿಯಮದ ಮೇಲೆ ನನಗಿರುವ ನಂಬಿಕೆಗೆ ಈ ನಾಲ್ಕು ಇಂಚು ಸಾಕು.

“ನಮ್ಮೂರಿಗೂ ತ್ರಿಭುಜ ಬರ್ತದೇನು ಕಾಕಾ?” ಎಂದಳು. ಬರುತ್ತದೆ. ಬೀದರ, ಭಾಲ್ಕಿ, ಔರಾದ. ಬಸ್ಸಿನ ದಾರಿ ಬಿಟ್ಟು ನೇರ ಗೆರೆ ಎಳೆದರೆ ಮೂರು ಬಾಹುಗಳೂ 33ರಿಂದ 40 ಕಿಲೋಮೀಟರ್ ಒಳಗೇ ಬೀಳುತ್ತವೆ, ಹೆಚ್ಚುಕಡಿಮೆ ಸಮಬಾಹು. ಹತ್ತು ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಹಿಡಿದು ಪುಟದ ಮೂಲೆಯಲ್ಲಿ ಬರೆದೆವು. ಬೆಂಕಿಪೊಟ್ಟಣದ ಅಡಿಯಲ್ಲಿ ಮುಚ್ಚಿಹೋಗುವಷ್ಟು ತ್ರಿಭುಜ. ನಿಜವಾದದ್ದು ಇದರ ಎಷ್ಟು ಪಟ್ಟು ಎಂದು ಕೇಳಿದೆ. ಕಿಲೋಮೀಟರನ್ನು ಮೀಟರ್ ಮಾಡಿದಳು, ಮೀಟರನ್ನು ಸೆಂಟಿಮೀಟರ್ ಮಾಡಿದಳು, ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದಳು.

“ಹತ್ತು ಲಕ್ಷ ಪಟ್ಟು, ಕಾಕಾ!”

ಆಮೇಲೆ ಕೋನಮಾಪಕ ತಗೊಂಡು, ಆ ಪುಟ್ಟ ತ್ರಿಭುಜದಲ್ಲಿ ಭಾಲ್ಕಿಯ ಚುಕ್ಕೆಯ ಮೇಲಿಟ್ಟು ಬಾಗಿ ನೋಡಿದಳು. “ಊರ ಮೂಲಿನೂ ಇಷ್ಟೇ ಅದ ಅಲ್ಲ?” ಎಂದಳು. ಹೌದವ್ವ, ಅಷ್ಟೇ ಅದ.